ಬಿಸಿ ಊಟ ಕೇಳಿದ್ದಕ್ಕೆ ಕೆಲಸ ಹೋಯಿತಂತೆ

ಭಾನುವಾರ ಬೆಳಿಗ್ಗೆ 7 ಗಂಟೆಗೆ ದೊಡ್ಡಪ್ಪ ನಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. 'ಟಾಪ್ ಗೇರ್' ಅನ್ನುವ ಇಂಗ್ಲೆಂಡಿನ ಕಾರು ಕಾರ್ಯಕ್ರಮದ ಹಿರಿಯ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ಹಸಿದು ಬಂದು ಬಿಸಿ ಊಟ ಕೇಳಿದರಂತೆ. ಅಷ್ಟಕ್ಕೇ ಬಿಬಿಸಿ ಅವರನ್ನು ತೆಗೆದುಹಾಕಿತಂತೆ. ಹೊಸಬರನ್ನು ತಂದು ಕೂರಿಸಿತಂತೆ. ಮರುವರ್ಷವೇ ಶೋ ಮುಚ್ಚಿಹೋಯಿತಂತೆ. ಕೊನೆಗೆ, ಹಿರಿಯರ ಬೆಲೆ ಅವರು ಹೋದ ಮೇಲೇ ಗೊತ್ತಾಗುವುದು, ಹತ್ತು ಜನರಿಗೆ ಕಳಿಸಿ ಎಂದಿತ್ತು.

ಅದರ ಕೆಳಗೆ ದೊಡ್ಡಪ್ಪ ತಾವೇ ಒಂದು ಸಾಲು ಸೇರಿಸಿದ್ದರು. "ಊಟ ಕೇಳಿದವನನ್ನು ಹೊರಗೆ ಹಾಕುವ ಕಾಲ ಬಂತು. ಅರ್ಥ ಆಗಬೇಕಾದವರಿಗೆ ಅರ್ಥ ಆಗುತ್ತದೆ."

ಯಾರಿಗೆ ಅಂತ ಗುಂಪಿನಲ್ಲಿರುವ ಎಲ್ಲರಿಗೂ ಗೊತ್ತು. ಚಿಕ್ಕಪ್ಪನಿಗೆ. 2013ರಲ್ಲಿ ತುಮಕೂರಿನಲ್ಲಿ ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಬಂದವರನ್ನೆಲ್ಲ ವಿಚಾರಿಸಿಕೊಂಡು ದೊಡ್ಡಪ್ಪ ಕೊನೆಯ ಪಂಕ್ತಿಗೆ ಕುಳಿತರು. ಎಲೆಗೆ ಬಿದ್ದ ಅನ್ನ ತಣ್ಣಗಿತ್ತು. ಸಾರೂ ತಣ್ಣಗಿತ್ತು. ಅರ್ಧಕ್ಕೇ ಎಲೆ ಮಡಿಸಿ ಎದ್ದುಹೋದರು. ಅವತ್ತಿನಿಂದ ಅಣ್ಣ ತಮ್ಮಂದಿರ ನಡುವೆ ಮಳೆ ಬೆಳೆ ವಿಚಾರ ಬಿಟ್ಟು ಬೇರೆ ಮಾತಿಲ್ಲ.

ಅತ್ತೆ ಐದೇ ನಿಮಿಷದಲ್ಲಿ ಬರೆದರು. "ಅನ್ನಕ್ಕೆ ಮರ್ಯಾದೆ ಕೊಡದ ಜಾಗ ಉದ್ಧಾರ ಆಗಲ್ಲ. ಟಿವಿ ಆಫೀಸಾಗಲಿ, ಮನೆಯಾಗಲಿ."

ಚಿಕ್ಕಮ್ಮ ಸುಮ್ಮನಿರಲಿಲ್ಲ. "ಯಾವ ಮನೆ ಅಂತ ಹೆಸರು ಹೇಳಿಬಿಡಿ ಅತ್ತಿಗೆ."

ಭಾವ ಇರುವುದು ಬರ್ಮಿಂಗ್‌ಹ್ಯಾಮಿನಲ್ಲಿ. ದೊಡ್ಡಪ್ಪನ ಅಳಿಯ. ಅಲ್ಲಿ ಬೆಳಗಾಗುವ ಹೊತ್ತಿಗೆ ನಮಗೆ ಮಧ್ಯಾಹ್ನ. ಏಳುತ್ತಲೇ ಕೇಳಿದರು. "ಮಾವ, ಇದರ ಲಿಂಕ್ ಇದೆಯಾ? ಯಾವ ಪತ್ರಿಕೆಯಲ್ಲಿ ಬಂದಿದೆ?"

"ನನ್ನ ಸ್ನೇಹಿತರು ಕಳಿಸಿದ್ದು. ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ಸುಳ್ಳು ಕಳಿಸುವ ಜನ ಅಲ್ಲ."

ಕೊರೊನಾ ಕಾಲದಲ್ಲಿ ದೊಡ್ಡಪ್ಪ ಹಾಕಿದ ಕಷಾಯದ ಮೆಸೇಜಿಗೂ ಭಾವ ಹೀಗೇ ಲಿಂಕ್ ಕೇಳಿದ್ದರು. ಅತ್ತೆಗೆ ಅದು ನೆನಪಿತ್ತು. "ಮಾವನ ಹತ್ತಿರ ಪುರಾವೆ ಕೇಳುವುದು ಇದು ಎರಡನೇ ಸಲ" ಎಂದು ಬರೆದರು. ಆಮೇಲೆ ಅರ್ಧ ಗಂಟೆ ಕಷಾಯದ್ದೇ ಮಾತು. ಅದನ್ನು ಕುಡಿದು ಯಾರಿಗೆ ಹೊಟ್ಟೆ ಉರಿ ಬಂತು, ಯಾರಿಗೆ ಕೆಮ್ಮು ನಿಂತಿತು ಅಂತ.

ಭಾವ ಬಿಡಲಿಲ್ಲ. ಉದ್ದಕ್ಕೆ ಬರೆದರು. "ಮರುವರ್ಷ ಮುಚ್ಚಲಿಲ್ಲ ಮಾವ. ಕ್ಲಾರ್ಕ್‌ಸನ್ ಹೋಗಿದ್ದು 2015ರ ಮಾರ್ಚ್‌ನಲ್ಲಿ. ಜೊತೆಗಿದ್ದ ರಿಚರ್ಡ್ ಹ್ಯಾಮಂಡ್, ಜೇಮ್ಸ್ ಮೇ ಅವರ ಹಿಂದೆಯೇ ತಾವಾಗಿ ಹೊರಟರು. ಮೂವರೂ ಅಮೆಜಾನ್‌ಗೆ ಬೇರೆ ಶೋ ಮಾಡಿದರು. ಇಲ್ಲಿ ಟಾಪ್ ಗೇರ್‌ಗೆ 2016ರಲ್ಲಿ ರೇಡಿಯೋ ನಿರೂಪಕ ಕ್ರಿಸ್ ಎವನ್ಸ್ ಬಂದರು, ಜೊತೆಗೆ ನಟ ಮ್ಯಾಟ್ ಲಬ್ಲಾಂಕ್. 2019ರಲ್ಲಿ ಪ್ಯಾಡಿ ಮೆಕ್‌ಗಿನ್ನೆಸ್, ಕ್ರಿಕೆಟರ್ ಆಂಡ್ರ್ಯೂ ಫ್ಲಿಂಟಾಫ್. 2022ರ ಡಿಸೆಂಬರ್‌ನಲ್ಲಿ ಶೂಟಿಂಗ್ ಮಾಡುವಾಗ ಮೂರು ಚಕ್ರದ ಮಾರ್ಗನ್ ಕಾರು ಮಗುಚಿ ಫ್ಲಿಂಟಾಫ್ ಮುಖಕ್ಕೆ ಭಾರಿ ಗಾಯ ಆಯಿತು. ಶೋ ನಿಂತಿದ್ದು ಅದರಿಂದ. ಸದ್ಯಕ್ಕೆ ಮತ್ತೆ ಬರಲ್ಲ ಅಂತ ಬಿಬಿಸಿ ಹೇಳಿದ್ದು 2023ರ ನವೆಂಬರ್‌ನಲ್ಲಿ. ಅಂದರೆ ಎಂಟು ವರ್ಷದ ಮೇಲೆ."

ಇಷ್ಟರಲ್ಲಿ ದೊಡ್ಡಪ್ಪ ಹಿಡಿದಿದ್ದು ಒಂದನ್ನೇ. "ಹೊಸಬರನ್ನು ಜನ ನೋಡಿದರಾ?"

ಭಾವ ನಿಜ ಹೇಳಿದರು. ಎವನ್ಸ್ ಅವರ ಮೊದಲ ಕಂತನ್ನು ಅಲ್ಲಿ ಆ ರಾತ್ರಿ ನೋಡಿದವರು ಸುಮಾರು 44 ಲಕ್ಷ. ಆ ಸರಣಿಯ ಕೊನೆಯ ಕಂತಿಗೆ ಸುಮಾರು 19 ಲಕ್ಷ. ಅದಾದ ಕೂಡಲೇ ಎವನ್ಸ್ ಬಿಟ್ಟುಹೋದರು.

"ನಾನು ಹೇಳಿದ್ದೂ ಅದನ್ನೇ" ಎಂದರು ದೊಡ್ಡಪ್ಪ. ನಾಲ್ಕು ಜನ ಹೆಬ್ಬೆಟ್ಟು ಒತ್ತಿದರು.

ಇದರಲ್ಲಿ ದೊಡ್ಡಪ್ಪನ ಮಾತು ಸುಳ್ಳಲ್ಲ. ನಾನೂ ಆ ಹಳೆಯ ಕಂತುಗಳನ್ನು ನೋಡಿದವನು. ಮೂವರು ಸೇರಿ ಜಗಳವಾಡುತ್ತಾ, ಒಬ್ಬರ ಕಾರು ಕೆಟ್ಟರೆ ಇಬ್ಬರು ನಕ್ಕು ಮುಂದೆ ಹೋಗುತ್ತಾ ಇದ್ದರೆ, ಕಾರಿನ ಬಗ್ಗೆ ಏನೂ ಗೊತ್ತಿಲ್ಲದ ನಮ್ಮಮ್ಮನೂ ಕೂತು ನೋಡುತ್ತಿದ್ದರು. ಅಂಥ ಜೊತೆ ದುಡ್ಡು ಕೊಟ್ಟರೆ ಸಿಗುವುದಿಲ್ಲ. ಆದರೆ ಆ ಮೂವರೂ ಮೊದಲಿಂದ ಇದ್ದವರಲ್ಲ. ಟಾಪ್ ಗೇರ್ ಶುರುವಾಗಿದ್ದೇ 1977ರಲ್ಲಿ, ಭಾವ ಇರುವ ಅದೇ ಬರ್ಮಿಂಗ್‌ಹ್ಯಾಮಿನಿಂದ. ಆಗ ಇವರು ಯಾರೂ ಇರಲಿಲ್ಲ. 2002ರಲ್ಲಿ ಹೊಸ ರೂಪದಲ್ಲಿ ಬಂದಾಗಲೂ ಮೂರನೆಯವರು ಜೇಸನ್ ಡಾ ಅನ್ನುವವರು. ಒಂದು ಸರಣಿ ಮುಗಿದ ಮೇಲೆ ಅವರ ಜಾಗಕ್ಕೆ ಜೇಮ್ಸ್ ಮೇ ಬಂದರು. ಇದನ್ನು ನಾನು ಗುಂಪಿಗೆ ಬರೆದೆ. ಯಾರೂ ಓದಲಿಲ್ಲ ಅನ್ನಿಸುತ್ತದೆ. ಅಷ್ಟರಲ್ಲಿ ದೊಡ್ಡಪ್ಪನನ್ನು ಕೇಳಲು ಚಿಕ್ಕಮ್ಮ ಬಂದಿದ್ದರು.

"ಈ ಕ್ಲಾರ್ಕ್‌ಸನ್ ಅಲ್ವಾ ನಮ್ಮ ದೇಶಕ್ಕೆ ಬಂದು ಕಾರಿನ ಡಿಕ್ಕಿಗೆ ಕಕ್ಕಸು ಕಟ್ಟಿಕೊಂಡು ತಿರುಗಿದ್ದು? ಅವರನ್ನು ಹಿರಿಯರು ಅಂತೀರಲ್ಲ ಭಾವ."

ಅದು ನಿಜ. 2011ರ ಡಿಸೆಂಬರ್‌ನಲ್ಲಿ ಬಂದ ಭಾರತದ ಕಂತು. ಮುಂಬೈಯಿಂದ ಹಿಮಾಲಯದವರೆಗೆ ಹಳೆ ಕಾರುಗಳಲ್ಲಿ ಹೋಗಿದ್ದರು. ಭಾರತದ ಹೈಕಮಿಷನ್ ಬಿಬಿಸಿಗೆ ದೂರು ಕೊಟ್ಟಿತ್ತು.

"ಅದು ಬೇರೆ ವಿಷಯ" ಎಂದರು ದೊಡ್ಡಪ್ಪ.

ಫ್ಲಿಂಟಾಫ್ ಹೆಸರು ಕಂಡಿದ್ದೇ ತಡ, ಅತ್ತೆಯ ಮಗ ಎಲ್ಲರನ್ನೂ 2007ಕ್ಕೆ ಎಳೆದುಕೊಂಡು ಹೋದ. "ಫ್ಲಿಂಟಾಫ್ ಕೆಣಕಿದ್ದಕ್ಕೇ ಅಲ್ವಾ ಯುವರಾಜ್ ಬ್ರಾಡ್‌ಗೆ ಆರು ಸಿಕ್ಸರ್ ಹೊಡೆದಿದ್ದು! ಅಜ್ಜನ ಮನೆಯಲ್ಲಿ ಎಲ್ಲರೂ ಕೂತಿದ್ವಿ. ಐದನೇ ಸಿಕ್ಸರ್‌ಗೆ ಕರೆಂಟ್ ಹೋಯಿತು. ಅಜ್ಜನ ಪದ್ಮಿನಿ ಕಾರಿನ ರೇಡಿಯೋ ಹಾಕಿ ಕೇಳಿದ್ವಿ." ಕಾರಿನ ಕೀಲಿ ಕೊಟ್ಟವರು ಯಾರು? ಬ್ಯಾಟರಿ ಇಳಿಸಿದ್ದು ಯಾರು? ಬೆಳಿಗ್ಗೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಕಾರು ಸ್ಟಾರ್ಟ್ ಆಗದೆ ತಳ್ಳಿದವರು ಯಾರು? ನಲವತ್ತು ಮೆಸೇಜು. ಅಜ್ಜನ ಫೋಟೋ ಬಂತು. ಕಾರಿನ ಪಕ್ಕ ಬಿಳಿ ಪಂಚೆ ಉಟ್ಟು ನಿಂತಿದ್ದರು. ಸ್ವಲ್ಪ ಹೊತ್ತು ಯಾರೂ ಜಗಳವಾಡಲಿಲ್ಲ.

ನಾನು ಕಾಯುತ್ತಿದ್ದೆ. ಆ ರಾತ್ರಿ ಕ್ಲಾರ್ಕ್‌ಸನ್‌ಗೆ ಊಟ ಸಿಗದಿದ್ದಾಗ ಎದುರಿಗೆ ನಿಂತಿದ್ದವನಿಗೆ ಏನಾಯಿತು ಅಂತ ಯಾರಾದರೂ ಕೇಳುತ್ತಾರೆ ಎಂದು. ನಾನು ಬೆಂಗಳೂರಿನಲ್ಲಿ ಟಿವಿ ಶೂಟಿಂಗ್‌ಗಳಲ್ಲಿ ಪ್ರೊಡಕ್ಷನ್ ಕೆಲಸ ಮಾಡುವವನು. ನನಗೆ ಮೊದಲು ಕಾಣುವುದೇ ಅವನು. ಯಾರೂ ಕೇಳಲಿಲ್ಲ. ಸಂಜೆ ನಾನೇ ಬರೆದೆ.

"ದೊಡ್ಡಪ್ಪ, ಊಟ ಕೇಳಿದ್ದಕ್ಕೆ ತೆಗೆಯಲಿಲ್ಲ. ಹೊಡೆದಿದ್ದಕ್ಕೆ ತೆಗೆದರು. ಯಾರ್ಕ್‌ಷೈರ್‌ನ ಒಂದು ಹೋಟೆಲಿನಲ್ಲಿ. ಶೂಟಿಂಗ್ ಮುಗಿಸಿ ಬಂದಾಗ ಬಿಸಿ ಊಟ ಇರಲಿಲ್ಲ. ಅದಕ್ಕೆ ಶೋನ ಒಬ್ಬ ಪ್ರೊಡ್ಯೂಸರ್‌ಗೆ ಬಾಯಿಗೆ ಬಂದಂತೆ ಬೈದು ಕೈ ಮಾಡಿದರು. ತುಟಿ ಊದಿ ರಕ್ತ ಬಂತು, ಅವರು ಆಸ್ಪತ್ರೆಗೆ ಹೋಗಬೇಕಾಯಿತು. ಬಿಬಿಸಿ ವಿಚಾರಣೆ ಮಾಡಿ ಅದು ನಿಜ ಅಂತ ಹೇಳಿತು. ಕ್ಲಾರ್ಕ್‌ಸನ್ ವಾಪಸ್ ಬರಲಿ ಅಂತ 10 ಲಕ್ಷ ಜನ ಸಹಿ ಹಾಕಿದರು. ಪೆಟ್ಟು ತಿಂದವರಿಗೆ ಸಿಕ್ಕಿದ್ದು ಇಂಟರ್‌ನೆಟ್ ತುಂಬ ಬೈಗುಳ. ಮರುವರ್ಷ ಕ್ಲಾರ್ಕ್‌ಸನ್ನೇ ಕ್ಷಮೆ ಕೇಳಿದರು, ಪರಿಹಾರವೂ ಸಿಕ್ಕಿತು. ನಿಮ್ಮ ಫಾರ್ವರ್ಡ್‌ನಲ್ಲಿ ಆ ಮನುಷ್ಯನೇ ಇಲ್ಲ. ನನಗೂ ಒಂದು ಸಲ ಹೀಗೇ ಆಗಿದೆ. ಪ್ಯಾಕ್ ಅಪ್ ಆಗುವಾಗ ರಾತ್ರಿ 11. ಊಟದ ವ್ಯಾನ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತ್ತು. ಒಬ್ಬ ದೊಡ್ಡ ನಟ ಚಿತ್ರಾನ್ನದ ತಟ್ಟೆಯನ್ನು ನನ್ನ ಮೇಲೆ ಎಸೆದರು. ಎಲ್ಲರೂ ಅವರಿಗೆ ಸಮಾಧಾನ ಮಾಡಿದರು. ಅಂಗಿ ತೊಳೆದುಕೊಂಡು ಅವತ್ತು ನಾನೂ ಊಟ ಮಾಡಲಿಲ್ಲ."

ಅತ್ತೆ ಕೇಳಿದರು. "ಯಾರೋ ಆ ನಟ?"

ಅತ್ತೆಯ ಮಗ ಮೂರು ಹೆಸರು ಊಹಿಸಿದ. ಭಾವ ಮಾತ್ರ, "ನೀನು ಇದನ್ನು ನಮಗ್ಯಾಕೆ ಹೇಳಿರಲಿಲ್ಲ?" ಎಂದರು. ಏನು ಉತ್ತರ ಕೊಡಬೇಕೋ ಗೊತ್ತಾಗಲಿಲ್ಲ. ಫೋನ್ ಕೆಳಗಿಟ್ಟೆ.

ರಾತ್ರಿ 10 ಗಂಟೆ ದಾಟಿತ್ತು. ಬೆಳಿಗ್ಗೆಯಿಂದ ಒಂದಕ್ಷರ ಬರೆಯದಿದ್ದ ಚಿಕ್ಕಪ್ಪನ ಮೆಸೇಜು ಬಂತು.

"ಅಣ್ಣ, ಅವತ್ತು ಅನ್ನ ತಣ್ಣಗಿದ್ದಿದ್ದು ನಿಜ. ಮೂರನೇ ಪಂಕ್ತಿಗೇ ಗ್ಯಾಸ್ ಮುಗಿಯಿತು. ನಾನು ಸ್ಕೂಟರ್ ತಗೊಂಡು ಸಿಲಿಂಡರ್‌ಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ನೀವು ಹೊರಟಿದ್ದಿರಿ."

ದೊಡ್ಡಪ್ಪ ಬರೆಯುತ್ತಿದ್ದಾರೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

"ಒಂದು ಮಾತು ಹೇಳಬಹುದಿತ್ತಲ್ಲೋ."

"ನೀವು ಕೇಳಲಿಲ್ಲ ಅಣ್ಣ."