ತಾತನ ಕಾರ್ ಶೋರೂಮಿನ 8 ಎಂಎಂ ರೀಲುಗಳು: ಸ್ಕ್ಯಾನ್‌ಗೆ ಕೊಡುವ ಮುಂಚೆ ಏನೇನು ನೋಡಬೇಕು?

ಹಳೇಗ್ಯಾರೇಜು (ಪ್ರಶ್ನೆ):

ಬೆಂಗಳೂರು ದಂಡಿನಲ್ಲಿ ತಾತನವರ ಕಾರ್ ಶೋರೂಮ್ ಇತ್ತು. ಮೊದಲು ಡಾಡ್ಜ್, ಪ್ಲಿಮತ್, ಆಮೇಲೆ ಫಿಯೆಟ್. ಅಟ್ಟದ ಟ್ರಂಕಿನಲ್ಲಿ ಆ ಕಾಲದ 11 ರೀಲು ಸಿಕ್ಕಿವೆ. ಡಬ್ಬಿಗಳ ಮೇಲೆ ‘ಡೆಲಿವರಿ’, ‘ವರ್ಕ್‌ಶಾಪ್ ಆಯುಧಪೂಜೆ’ ಎಂದೆಲ್ಲ ಪೆನ್ಸಿಲ್ ಬರಹ ಇದೆ, ಇಸವಿ ಮಾತ್ರ ಇಲ್ಲ.

ಏಳು ರೀಲುಗಳ ನಡುವಿನ ತೂತು ಚಿಕ್ಕದು. ಅದರಲ್ಲಿ ಆರು 3 ಇಂಚಿನವು, ಒಂದು 5 ಇಂಚಿನದು. ಉಳಿದ ನಾಲ್ಕರ ತೂತು ದೊಡ್ಡದು, ಅದರಲ್ಲೊಂದರ ಅಂಚಿನುದ್ದಕ್ಕೂ ಕಂದು ಪಟ್ಟಿ ಇದೆ. 5 ಇಂಚಿನ ಡಬ್ಬಿ ತೆಗೆದರೆ ವಿನಿಗರ್ ಘಾಟು. ಜೊತೆಗೆ ತೊಳೆಸದ (ಡೆವಲಪ್ ಮಾಡಿಸದ) ಒಂದು ಕೊಡಾಕ್ರೋಮ್ ಕಲರ್ ಫಿಲ್ಮ್ ಕಾರ್ಟ್ರಿಜ್, ಮತ್ತೆ ಬೆಲ್ಟ್ ಕರಗಿ ಡಾಂಬರಿನಂತಾದ ಪ್ರೊಜೆಕ್ಟರ್.

ಬೆಲ್ಟ್ ಹಾಕಿಸಿ ಒಮ್ಮೆ ಓಡಿಸಿ ನೋಡಬಹುದೇ? ಅಂಗಡಿಯೊಂದರಲ್ಲಿ ‘ಫುಲ್ ಎಚ್‌ಡಿ, ಪೆನ್‌ಡ್ರೈವಿನಲ್ಲಿ ಎಂಪಿ4’ ಕೊಡುತ್ತೇವೆ ಅಂತಾರೆ, ಅಷ್ಟು ಸಾಕೇ? ಯಾವ ರೀಲು ಯಾವ ವರ್ಷದ್ದು ಅಂತ ಗೊತ್ತುಮಾಡುವ ದಾರಿ ಇದೆಯೇ?

ಎಂಟು_ಮಿಮೀ:

ಪ್ರೊಜೆಕ್ಟರ್ ಮುಟ್ಟಲೇಬೇಡಿ. ಬೆಲ್ಟ್ ಹೊಸದಾದರೂ ಒಳಗಿನ ಗ್ರೀಸ್ ಗಟ್ಟಿಯಾಗಿರುತ್ತದೆ. ಕುಗ್ಗಿದ ಫಿಲ್ಮಿನ ತೂತಿಗೂ ಯಂತ್ರದ ಹಲ್ಲಿಗೂ ತಾಳೆಯಾಗದೆ ತೂತುಗಳು ಸಾಲಾಗಿ ಹರಿಯುತ್ತವೆ, ಫಿಲ್ಮು ನಿಂತರೆ ದೀಪದ ಬಿಸಿಗೆ ಆ ಫ್ರೇಮು ಸುಟ್ಟೇ ಹೋಗುತ್ತದೆ.

ಚಿಕ್ಕ ತೂತಿನ ರೀಲುಗಳು ರೆಗ್ಯುಲರ್ 8, ಅಂದರೆ ಕೊಡಾಕ್ 1932ರಲ್ಲಿ ತಂದ ಅಳತೆ. ದೊಡ್ಡ ತೂತಿನವು 1965ರಲ್ಲಿ ಬಂದ ಸೂಪರ್ 8. ರೀಲು ಬದಲಾಗಿರಬಹುದು, ಆದ್ದರಿಂದ ಫಿಲ್ಮನ್ನೇ ನೋಡಿ ಖಾತ್ರಿ ಮಾಡಿಕೊಳ್ಳಿ. ರೆಗ್ಯುಲರ್ 8ರಲ್ಲಿ ಅಂಚಿನ ತೂತು ದೊಡ್ಡದು, ಎರಡು ಫ್ರೇಮುಗಳ ನಡುವಿನ ಗೆರೆಯ ಪಕ್ಕಕ್ಕೇ ಇರುತ್ತದೆ. ಸೂಪರ್ 8ರಲ್ಲಿ ಚಿಕ್ಕದು, ಫ್ರೇಮಿನ ಮಧ್ಯಕ್ಕೆ ಬರುತ್ತದೆ. 8 ಎಂಎಂ ಫಿಲ್ಮು ಬೆಂಕಿ ಹೊತ್ತುವ ನೈಟ್ರೇಟ್ ಅಲ್ಲ, ಆ ಭಯ ಬೇಡ.

ವಿನಿಗರ್ ಘಾಟು ಅಂದರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ತಳ ಒಡೆದು ಅಸಿಟಿಕ್ ಆಮ್ಲ ಬಿಡುತ್ತಿದೆ. ಆ ಆಮ್ಲವೇ ಮುಂದಿನ ಒಡೆತವನ್ನು ಚುರುಕು ಮಾಡುತ್ತದೆ. ಮುಚ್ಚಿದ ತಗಡಿನ ಡಬ್ಬಿಯಲ್ಲಿ ಹಬೆ ಒಳಗೇ ಉಳಿದು ಇನ್ನೂ ಕೆಡುತ್ತದೆ. ಈಗಲೇ ಅದನ್ನು ಬೇರೆ ಕೋಣೆಗೆ ಸಾಗಿಸಿ. ಗಾಳಿಯಾಡುವ ಪಾಲಿಪ್ರೊಪಿಲೀನ್ ಡಬ್ಬಿ ಒಳ್ಳೆಯದು. ನುಸಿಗುಳಿಗೆ ಹಾಕಬೇಡಿ. ಎ-ಡಿ ಸ್ಟ್ರಿಪ್ ಎಂಬ ಕಾಗದದ ಪಟ್ಟಿ ಸಿಕ್ಕರೆ ಪ್ರತಿ ಡಬ್ಬಿಯಲ್ಲೊಂದು ಇಡಿ. ನೀಲಿ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಅವಸರ, ಹಳದಿಯಾದರೆ ತುಂಬಾ ತಡವಾಗಿದೆ.

ಕುಗ್ಗಿದ್ದು ಎಷ್ಟು ಅಂತ ನೀವೇ ಅಳೆಯಬಹುದು. ಹತ್ತಿಯ ಕೈಗವಸು ಹಾಕಿ, ಫಿಲ್ಮನ್ನು ಎಳೆಯದೆ ಸ್ಟೀಲ್ ಸ್ಕೇಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿ. ಒಂದು ತೂತಿನ ಮೇಲಂಚಿನಿಂದ ಹಿಡಿದು ನೂರು ಫ್ರೇಮು ಎಣಿಸಿ. ರೆಗ್ಯುಲರ್ 8 ಸರಿಯಾಗಿದ್ದರೆ 381 ಮಿಮೀ, ಸೂಪರ್ 8 ಆದರೆ 423.4 ಮಿಮೀ. ರೆಗ್ಯುಲರ್ 8ರಲ್ಲಿ 377ಕ್ಕೆ ಇಳಿದಿದ್ದರೆ ಸುಮಾರು ಶೇ 1 ಕುಗ್ಗಿದೆ, ಹಲ್ಲಿನ ಚಕ್ರ ಇರುವ ಯಂತ್ರಕ್ಕೆ ಕೊಡಬೇಡಿ. ರೀಲಿನ ಹೊರಸುತ್ತು, ಒಳಸುತ್ತು ಎರಡರಲ್ಲೂ ಅಳೆಯಿರಿ, ಕುಗ್ಗು ಒಂದೇ ಸಮ ಇರುವುದಿಲ್ಲ. ಸುರುಳಿ ಬಿಚ್ಚುವಾಗ ಪದರಗಳು ಅಂಟಿಕೊಂಡಂತೆ ಅನಿಸಿದರೆ ಅಲ್ಲೇ ನಿಲ್ಲಿಸಿ.

ಎಮಲ್ಶನ್, ಅಂದರೆ ಚಿತ್ರವಿರುವ ಪದರ, ಜೆಲಾಟಿನ್ ಆದ್ದರಿಂದ ನೀರು ಸೋಕಿಸಬೇಡಿ. ಧೂಳು, ಬೂಷ್ಟಿಗೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಎಳೆ ಬಿಡದ ಬಟ್ಟೆ ಸಾಕು. ಸ್ಯಾನಿಟೈಸರ್, ಸರ್ಜಿಕಲ್ ಸ್ಪಿರಿಟ್ ಬೇಡ, ಅವುಗಳಲ್ಲಿ ನೀರಿದೆ. ಹಳೆ ಕೈಪಿಡಿಗಳಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸಿ ಎಂದಿರುತ್ತದೆ. ಅದು ಯಕೃತ್ತಿಗೆ ವಿಷ, ಹತ್ತಿರವೂ ತರಬೇಡಿ. ಕಂದು ಪಟ್ಟಿ ಅಂದರೆ ಧ್ವನಿಯ ಮ್ಯಾಗ್ನೆಟಿಕ್ ಪಟ್ಟಿ, ಅದರ ತುದಿಯಲ್ಲಿ ಒಂದು ಇಂಚು ಒರೆಸಿ ಬಣ್ಣ ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಿನದು. ಹಳೆ ಜೋಡಣೆಗಳು ಒಣಗಿ ಬಿಟ್ಟುಕೊಳ್ಳುತ್ತವೆ. ಮನೆಯ ಸೆಲ್ಲೋಟೇಪ್ ಹಚ್ಚಿದರೆ ಅದರ ಅಂಟು ಪಕ್ಕದ ಸುತ್ತಿಗೂ ಇಳಿಯುತ್ತದೆ. 8 ಎಂಎಂಗೆಂದೇ ಬರುವ ಸ್ಪ್ಲೈಸಿಂಗ್ ಟೇಪನ್ನೇ ಬಳಸಿ.

ಆ ಕಾರ್ಟ್ರಿಜ್ ಬಿಚ್ಚಬೇಡಿ. ಕೊಡಾಕ್ರೋಮ್ ತೊಳೆಯುವ ಕೊನೆಯ ಲ್ಯಾಬ್ ಅಮೆರಿಕದ ಕ್ಯಾನ್ಸಾಸ್‌ನಲ್ಲಿತ್ತು, 2010ರ ಕೊನೆಗೆ ನಿಲ್ಲಿಸಿತು. ಈಗ ಕಪ್ಪು-ಬಿಳುಪಾಗಿ ಮಾತ್ರ ತೊಳೆಯಿಸಬಹುದು, ಮಸುಕಾದರೂ ಚಿತ್ರ ಬರಬಹುದು. ಉಳಿದದ್ದೆಲ್ಲ ಮುಗಿದ ಮೇಲೆ ಅದರ ಯೋಚನೆ.

ಫ್ರೇಮಿಗೊಂದು:

‘ಫುಲ್ ಎಚ್‌ಡಿ’ ಅನ್ನುವುದು ಏನನ್ನೂ ಹೇಳುವುದಿಲ್ಲ. ಪ್ರೊಜೆಕ್ಟರ್ ಬೆಳಕನ್ನು ಗೋಡೆಗೆ ಬಿಟ್ಟು ಕ್ಯಾಮೆರಾದಲ್ಲಿ ಹಿಡಿದರೂ ಕಡತ ಫುಲ್ ಎಚ್‌ಡಿಯೇ. ಅವರನ್ನು ಮೂರು ಮಾತು ಕೇಳಿ. ಒಂದೊಂದು ಫ್ರೇಮನ್ನೂ ಬೇರೆಬೇರೆಯಾಗಿ ಹಿಡಿಯುತ್ತೀರಾ? ಹಲ್ಲಿಲ್ಲದೆ ಬರೀ ರೋಲರ್ ಮೇಲೆ ಫಿಲ್ಮ್ ಸಾಗುತ್ತದಾ? ಅಂಚು, ತೂತು ಎಲ್ಲ ಕಾಣುವಂತೆ ಓವರ್‌ಸ್ಕ್ಯಾನ್ ಕೊಡುತ್ತೀರಾ? ಮೂರನೆಯದಕ್ಕೆ ಮುಖ ಮುಖ ನೋಡಿದರೆ ಬೇರೆ ಕಡೆ ಹೋಗಿ. ತೂತು ಕಂಡರೆ ಮಾತ್ರ ಆಮೇಲೆ ಅದನ್ನೇ ಹಿಡಿದು ಚಿತ್ರದ ನಡುಕ ನಿಲ್ಲಿಸಬಹುದು.

ರೆಗ್ಯುಲರ್ 8ರ ಫ್ರೇಮು 4.5 × 3.3 ಮಿಮೀ ಅಷ್ಟೇ, 2ಕೆ ಧಾರಾಳ ಸಾಕು. 4ಕೆಗೆ ಕಾಸು ಸುರಿಯುವ ಬದಲು ಅದನ್ನು ಬಣ್ಣದ ಆಳಕ್ಕೆ, ಅಂದರೆ 10 ಬಿಟ್ ಕಡತಕ್ಕೆ ಹಾಕಿ. ಶೋರೂಮ್ ಶಾಟುಗಳಲ್ಲಿ ಗಾಜಿನಾಚೆ ಉರಿಬಿಸಿಲು, ಒಳಗೆ ಕತ್ತಲು. ಕೊಡಾಕ್ರೋಮ್‌ನ ಕಾಂಟ್ರಾಸ್ಟ್ ಮೊದಲೇ ಗಡಸು. 8 ಬಿಟ್ ಎಂಪಿ4ನಲ್ಲಿ ಬಿಳಿ ಗಾಡಿಯ ಬಾನೆಟ್ ಒಂದು ಬಿಳಿ ಹಾಳೆಯಾಗಿಬಿಡುತ್ತದೆ. ಆಮೇಲೆ ಎಷ್ಟೇ ತಿದ್ದಿದರೂ ಅಂಚುಪಟ್ಟಿ ಹೊರಬರದು.

ಲೆಕ್ಕ ಹೀಗಿದೆ. ರೆಗ್ಯುಲರ್ 8ರಲ್ಲಿ ಅಡಿಗೆ 80 ಫ್ರೇಮು, ಸೂಪರ್ 8ರಲ್ಲಿ 72. 3 ಇಂಚಿನ ರೀಲು ಅಂದರೆ 50 ಅಡಿ: ರೆಗ್ಯುಲರ್ 8 ಆದರೆ 4,000 ಫ್ರೇಮು, ಸೆಕೆಂಡಿಗೆ 16ರಂತೆ 4 ನಿಮಿಷ 10 ಸೆಕೆಂಡ್. ಸೂಪರ್ 8 ಆದರೆ 3,600 ಫ್ರೇಮು, 18ರಂತೆ 3 ನಿಮಿಷ 20 ಸೆಕೆಂಡ್. ನಿಮ್ಮ 5 ಇಂಚಿನದು ತುಂಬಿದ್ದರೆ 200 ಅಡಿ, 16,000 ಫ್ರೇಮು. ಪ್ರೋರೆಸ್ 422 ಎಚ್‌ಕ್ಯೂ ಎಂಬ 10 ಬಿಟ್ ವಿಡಿಯೊ ಕಡತದಲ್ಲಿ ಅದೊಂದೇ 20 ಜಿಬಿ ಆಸುಪಾಸು, ಫ್ರೇಮಿಗೊಂದು ಚಿತ್ರಕಡತ ಇಡುವ ಡಿಪಿಎಕ್ಸ್ ಕೇಳಿದರೆ 200 ಜಿಬಿ. ಮನೆಯ ಮಟ್ಟಿಗೆ ಪ್ರೋರೆಸ್ ಸಾಕು. ಎರಡು ಬೇರೆ ಹಾರ್ಡ್‌ಡಿಸ್ಕು, ಒಂದು ಬೇರೆ ಊರಿನಲ್ಲಿ. ಪೆನ್‌ಡ್ರೈವನ್ನು ನೆಂಟರಿಗೆ ಹಂಚುವುದಕ್ಕೆ ಇಟ್ಟುಕೊಳ್ಳಿ.

ಆನ್‌ಲೈನಿನಲ್ಲಿ ಸಿಗುವ ಪುಟ್ಟ ಮನೆ ಸ್ಕ್ಯಾನರುಗಳು ಸೆಕೆಂಡಿಗೆ ಎರಡು ಫ್ರೇಮು ಹಿಡಿಯುತ್ತವೆ, 200 ಅಡಿಗೆ ಎರಡು ಗಂಟೆಗೂ ಮಿಕ್ಕು. ಅಷ್ಟು ಹೊತ್ತು ಪಕ್ಕದಲ್ಲೇ ಕೂರಬೇಕು, ಜೋಡಣೆ ಬಂದಾಗಲೆಲ್ಲ ಸಿಕ್ಕಿಕೊಳ್ಳುತ್ತದೆ. ಅಂಚು ಕತ್ತರಿಸುತ್ತವೆ, ಬೆಳಕು ತಾವಾಗಿ ಏರಿಳಿಸುತ್ತವೆ. ಯಾವ ರೀಲಿನಲ್ಲಿ ಏನಿದೆ ಎಂದು ಪಟ್ಟಿ ಮಾಡುವುದಕ್ಕೆ ಪರವಾಗಿಲ್ಲ, ಮೂಲಪ್ರತಿಗೆ ಬೇಡ.

ವೇಗವನ್ನು ಬಿಡಬೇಡಿ. 16ರ ಫಿಲ್ಮನ್ನು 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ಜೋರಾಗುತ್ತದೆ, ಪೂಜೆಯ ಭಟ್ಟರು ಓಡುತ್ತಾ ಮಂಗಳಾರತಿ ಎತ್ತುತ್ತಾರೆ. ಮೂಲ ಕಡತ 16ರಲ್ಲೇ ಇರಲಿ. 24 ಬೇಕಾದರೆ ಪ್ರತಿ ಎರಡನೆಯ ಫ್ರೇಮನ್ನು ಒಮ್ಮೆ ಮರುಕಳಿಸಿ, 18ರದಕ್ಕೆ ಪ್ರತಿ ಮೂರನೆಯದನ್ನು. ನಡುವಿನ ಫ್ರೇಮುಗಳನ್ನು ಎಐ ಕೈಲಿ ಹುಟ್ಟಿಸಬೇಡಿ: ನಂಬರ್ ಪ್ಲೇಟು, ಗ್ರಿಲ್ ಎರಡೂ ಕರಗಿದ ಮೇಣವಾಗುತ್ತವೆ. ಇನ್‌ಫ್ರಾರೆಡ್ ಧೂಳು ನಿವಾರಣೆಯನ್ನು ಕಪ್ಪು-ಬಿಳುಪಿಗೂ ಕೊಡಾಕ್ರೋಮ್‌ಗೂ ಆಫ್ ಮಾಡಿಸಿ, ಅದು ಚಿತ್ರವನ್ನೇ ಧೂಳೆಂದು ತಿಳಿದು ಅಳಿಸುತ್ತದೆ.

ಡುಕ್ಕರ್1100:

ಇಸವಿಯ ಬಗ್ಗೆ. ಮೊದಲ ಸಾಕ್ಷಿ ಫಿಲ್ಮಿನ ಅಂಚಿನಲ್ಲೇ ಇದೆ. ಕೊಡಾಕ್ ಫಿಲ್ಮಾದರೆ ಅಂಚಿನ ಅಕ್ಷರಗಳ ಹತ್ತಿರ ಚಿಕ್ಕ ಗುರುತು ಹುಡುಕಿ. ಒಂದೇ ವೃತ್ತ ಇದ್ದರೆ 1956, ಚೌಕ 1957, ತ್ರಿಕೋನ 1958. 20 ವರ್ಷಕ್ಕೊಮ್ಮೆ ಇವು ಮರಳುತ್ತವೆ, ಹಾಗಾಗಿ ವೃತ್ತ 1936 ಕೂಡ ಆಗಬಹುದು, 1976 ಕೂಡ. ಅದು ಫಿಲ್ಮ್ ತಯಾರಾದ ವರ್ಷ. ಚಿತ್ರ ತೆಗೆದದ್ದು ಒಂದೆರಡು ವರ್ಷ ಆಮೇಲೆ ಇರಬಹುದು. ಮೇಲಿನವರು ಅಂಚು ಕಾಣುವ ಸ್ಕ್ಯಾನ್ ಕೇಳಿ ಅಂದದ್ದು ಇದಕ್ಕೂ ಸೇರಿ.

ಆಮೇಲೆ ಗಾಡಿಗಳು. ಡಾಡ್ಜ್, ಪ್ಲಿಮತ್ ಆದಮೇಲೆ ಫಿಯೆಟ್ ಅಂದಿರಲ್ಲ, ಅದು ತರ್ಕಬದ್ಧ. ಮುಂಬಯಿ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಎರಡನ್ನೂ ಮಾಡುತ್ತಿತ್ತು. 1953ರ ಟ್ಯಾರಿಫ್ ಕಮಿಷನ್ ವರದಿಯ ಮೇಲೆ ಬರೀ ಜೋಡಣೆ ಮಾಡುವ ಕಂಪನಿಗಳು ಜಾಗ ಖಾಲಿ ಮಾಡಬೇಕಾಯಿತು, ಷೆವರ್ಲೆ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಹೊರಟಿತು. ಆ ಗಡಿ ಷೆವರ್ಲೆಗೆ ಹೊಂದುತ್ತದೆ, ಡಾಡ್ಜ್‌ಗೆ ಹೊಂದದು.

ಫಿಯೆಟ್ಟಿನ ಬಾಗಿಲು ನೋಡಿ. ಮುಂಬಾಗಿಲಿನ ಕೀಲು ಹಿಂದುಗಡೆ ಇದ್ದು, ಬಾಗಿಲು ಗಾಳಿಗೆ ಎದುರಾಗಿ ತೆರೆದರೆ ಅದು 1964ಕ್ಕೆ ಹಿಂದಿನ 1100, ಜನ ಡುಕ್ಕರ್ ಅನ್ನುತ್ತಿದ್ದ ಗಾಡಿ. 1964ರ 1100 ಡಿಲೈಟ್‌ನಲ್ಲಿ ಕೀಲು ಮುಂದಕ್ಕಿದೆ. ಪದ್ಮಿನಿ ಅಂತ ಹಿಂದೆ ಬರೆದಿದ್ದರೆ 1970ರ ದಶಕಕ್ಕೆ ಬಂದಿರಿ.

ಶೋರೂಮಿನ ಹೊಸ ಗಾಡಿಗಿಂತ ಗಾಜಿನಾಚೆ ರಸ್ತೆಯಲ್ಲಿ ಹೋಗುವ ಗಾಡಿ ಹೆಚ್ಚು ಹೇಳುತ್ತದೆ. ಅಂಬಾಸಿಡರ್ ಕಂಡರೆ 1957ಕ್ಕಿಂತ ಮುಂಚಿನದಲ್ಲ, ಚೌಕುಳಿ ಗ್ರಿಲ್ ಇದ್ದರೆ ಮಾರ್ಕ್ 2, ಅಂದರೆ 1960ರ ದಶಕ. ಮುಂದಿನ ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ ಮುಂದಕ್ಕೆ ಬಾಗಿ ತೆರೆದರೆ ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, 1961ರಿಂದ ಈಚೆ. ಅದಕ್ಕೇ ನಾಲ್ಕು ಬಾಗಿಲಿದ್ದರೆ 1960ರ ದಶಕದ ಕೊನೆ ಅಥವಾ ಆಮೇಲೆ. ಆದರೆ ಗಾಡಿ ಕೊಡುವುದು ‘ಇದಕ್ಕಿಂತ ಮುಂಚೆ ಅಲ್ಲ’ ಎಂಬ ಗಡಿ ಮಾತ್ರ. ನಮ್ಮಲ್ಲಿ ಮೂವತ್ತು ವರ್ಷದ ಗಾಡಿಯೂ ದಿನಾ ಓಡುತ್ತಿತ್ತು.

ವಿಧಾನಸೌಧ ಪೂರ್ತಿಯಾಗಿ ಕಂಡರೆ 1956ರ ನಂತರ. ಸರ್ಕಾರಿ ಫಲಕದಲ್ಲಿ ಮೈಸೂರು ರಾಜ್ಯ ಅಂತಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕೆ ಹಿಂದಿನದು. ಫಲಕದ ಅಕ್ಷರ ತಿರುವುಮುರುವಾಗಿ ಕಂಡರೆ ಸ್ಕ್ಯಾನಿನಲ್ಲಿ ಫಿಲ್ಮಿನ ಬದಿ ಉಲ್ಟಾ ಆಗಿದೆ, ಎಡಗಡೆ ಸ್ಟೀರಿಂಗ್ ಕಂಡು ಆಮದು ಗಾಡಿ ಅಂತ ತೀರ್ಮಾನಿಸಬೇಡಿ!

ಇನ್ನೊಂದು ಮಾತು. ರೆಗ್ಯುಲರ್ 8ರ ನಡುವೆ, 25 ಅಡಿಯ ಹತ್ತಿರ, ಬಿಳಿ-ಕಿತ್ತಳೆ ಬೆಳಕು ಹೊಡೆದಂತೆ ಬರುತ್ತದೆ. 16 ಎಂಎಂ ಅಗಲದ ಫಿಲ್ಮನ್ನು ಒಂದು ಬದಿ ಓಡಿಸಿ, ಸ್ಪೂಲು ತಿರುವಿ ಹಾಕಿ, ಇನ್ನೊಂದು ಬದಿ ತೆಗೆದು, ಲ್ಯಾಬಿನಲ್ಲಿ ಉದ್ದಕ್ಕೆ ಸೀಳಿ ಜೋಡಿಸಿದ ಗುರುತು ಅದು. ಅಂದವಾಗಲೆಂದು ಅದನ್ನು ಕತ್ತರಿಸಬೇಡಿ. 5 ಇಂಚಿನ ರೀಲಿನಲ್ಲಿ ಯಾವ ತುಣುಕು ಯಾವ ಸುರುಳಿಯದು ಎಂದು ಹೇಳುವುದು ಅದೊಂದೇ. ಶೋರೂಮಿನ ಡೆಲಿವರಿ ರಿಜಿಸ್ಟರ್ ಅಥವಾ ಬಿಲ್ ಬುಕ್ ಅಟ್ಟದಲ್ಲೇ ಇದ್ದರೆ ರದ್ದಿಗೆ ಹಾಕಬೇಡಿ: ಮಾದರಿ, ಬಣ್ಣ, ದಿನಾಂಕ ಮೂರೂ ಹೊಂದಿದರೆ ಒಂದು ಡೆಲಿವರಿ ದೃಶ್ಯದ ದಿನವೇ ಸಿಕ್ಕೀತು.

ಹಳೇಗ್ಯಾರೇಜು:

ಅಳೆದೆ. 3 ಇಂಚಿನ ಆರೂ ನೂರು ಫ್ರೇಮಿಗೆ 379ರ ಮೇಲಿವೆ. ಸೂಪರ್ 8 ನಾಲ್ಕೂ 422 ದಾಟಿವೆ. ಘಾಟಿನ 5 ಇಂಚಿನದು ಹೊರಸುತ್ತಿನಲ್ಲಿ 374, ಅಂಚು ಅಲೆಅಲೆಯಾಗಿದೆ. ಒಳಸುತ್ತಿಗೆ ಹೋಗಲಿಲ್ಲ. ಅಂಚಿನಲ್ಲಿ ಒಂದು ತ್ರಿಕೋನ ಕಂಡಿತು. ಬೆಲ್ಲದ ಬಣ್ಣದ ಪುಡಿ ಬೀಳುತ್ತಿದೆ, ಅದು ಫಿಲ್ಮಿನದೇ?

ಎಂಟು_ಮಿಮೀ:

ಪುಡಿ ಕಂದುಬಣ್ಣದ್ದಾದರೆ ಹೆಚ್ಚಾಗಿ ತಗಡಿನ ತುಕ್ಕು. ಭೂತಗನ್ನಡಿಯಲ್ಲಿ ನೋಡಿ, ಬಿಳಿ ಹರಳಿನಂತಿದ್ದರೆ ತಳವನ್ನು ಮೆತುವಾಗಿಡಲು ಸೇರಿಸಿದ ಪ್ಲಾಸ್ಟಿಸೈಸರ್ ಹೊರಬಂದಿದೆ. 381ರಿಂದ 374 ಅಂದರೆ ಶೇ 1.8 ಕುಗ್ಗು. ಮನೆಯಲ್ಲಿ ಒರೆಸಬೇಡಿ, ಸುತ್ತಿ ಸರಿಮಾಡಲೂ ಹೋಗಬೇಡಿ. ಹಾಗೇ ಡಬ್ಬಿ ಬದಲಿಸಿ, ರೋಲರ್ ಸ್ಕ್ಯಾನರ್ ಇರುವ ಕಡೆಗೆ ಇದೊಂದನ್ನು ಮೊದಲು ಕಳಿಸಿ, ‘ಶೇ 1.8, ಅಂಚು ಅಲೆ’ ಅಂತ ಚೀಟಿ ಅಂಟಿಸಿ. ಅಂಚು ಅಲೆಯಾಗಿರುವುದರಿಂದ ಫೋಕಸ್ ಒಂದೊಂದು ಕಡೆ ತಪ್ಪೀತು, ವೇಗ ಕಡಿಮೆ ಮಾಡಿ ಓಡಿಸಿ ಎಂದೂ ಬರೆಯಿರಿ. ಉಳಿದ ಹತ್ತೂ ಕಾಯಬಲ್ಲವು. ಮಳೆಗಾಲ ಮುಗಿಯುವವರೆಗೆ ಅವನ್ನು ಬಿಚ್ಚದಿದ್ದರೆ ಇನ್ನೂ ಒಳ್ಳೆಯದು. ಕಂದು ಪಟ್ಟಿಯ ಸೂಪರ್ 8 ಕೊಡುವಾಗ ಧ್ವನಿಯೂ ಬೇಕು ಅಂತ ಬಾಯಿಬಿಟ್ಟು ಹೇಳಿ, ಧ್ವನಿ ಚಿತ್ರಕ್ಕಿಂತ 18 ಫ್ರೇಮು ಮುಂದಿರುತ್ತದೆ, ಹೇಳದಿದ್ದರೆ ಅದನ್ನು ಓದುವ ಹೆಡ್ ಇಲ್ಲದ ಯಂತ್ರಕ್ಕೇ ಹಾಕಿಬಿಡುತ್ತಾರೆ.