ಗುರುತು ಪರೇಡಿಗೆ ಕರೆ ಬಂದಿದೆ, ಮುಖ ಸರಿಯಾಗಿ ನೆನಪಿಲ್ಲ

ಹೋದ ತಿಂಗಳು ಅತ್ತೆಯ ಮಾಂಗಲ್ಯ ಸರ ಕಿತ್ತುಕೊಂಡು ಹೋದರು. ಬೈಕಿನ ಹಿಂದೆ ಕೂತವನನ್ನು ನಾನು ನೋಡಿದ್ದು ಎರಡೇ ಕ್ಷಣ. ಗುರುವಾರ ಜೈಲಿನಲ್ಲಿ ಪರೇಡ್, ಸಾಲಾಗಿ ನಿಂತವರಲ್ಲಿ ಅವನು ಇದ್ದಾನಾ ಅಂತ ಗುರುತಿಸಬೇಕಂತೆ. ಯಾರನ್ನಾದರೂ ತೋರಿಸಲೇಬೇಕಾ? ನಿದ್ದೆಯೇ ಬರ್ತಿಲ್ಲ.

ನಿವೃತ್ತ ತಹಶೀಲ್ದಾರ್: ಬೇಡಮ್ಮ. ಇಂಥ ಪರೇಡ್‌ಗಳನ್ನು ನಾನೇ ನಡೆಸುತ್ತಿದ್ದೆ. "ಇವರಲ್ಲಿ ಯಾರೂ ಅಲ್ಲ" ಅನ್ನುವುದೂ ಉತ್ತರವೇ, ನಾನು ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಆರೋಪಿಗೆ ಗಡ್ಡವಿದ್ದರೆ ಗಡ್ಡದವರನ್ನೇ ಹುಡುಕಿ ಸಾಲಿಗೆ ನಿಲ್ಲಿಸುತ್ತಿದ್ದೆ, ಪೊಲೀಸರನ್ನು ಹೊರಗೆ ಕಳಿಸುತ್ತಿದ್ದೆ. ಮೊದಲೇ ಯಾರಾದರೂ ಫೋಟೋ ತೋರಿಸಿದರಾ?

ಹೂಂ ಸರ್, ವಾಟ್ಸಾಪ್‌ನಲ್ಲಿ ಒಂದೇ ಫೋಟೋ. "ಇವನೇನಾ?" ಅಂದರು.

ವಕೀಲೆ: ಅದನ್ನು ಪರೇಡ್ ನಡೆಸುವವರಿಗೆ ಹೇಳಲೇಬೇಕು. ಅಮೆರಿಕದ ನಾರ್ತ್ ಕರೋಲಿನಾದ 1984ರ ಅತ್ಯಾಚಾರ ಪ್ರಕರಣದಲ್ಲಿ ಮೊದಲು ತೋರಿಸಿದ ಫೋಟೋಗಳು, ನಂತರದ ಸಾಲು, ಎರಡರಲ್ಲೂ ಇದ್ದದ್ದು ಆರೋಪಿ ರೊನಾಲ್ಡ್ ಕಾಟನ್ ಒಬ್ಬರೇ. ಸಂತ್ರಸ್ತೆ ಪೂರ್ತಿ ನಂಬಿಕೆಯಿಂದ ಅವರನ್ನೇ ತೋರಿಸಿದರು. ಅವರು ನಿರಪರಾಧಿ ಎಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದು ಬಿಡುಗಡೆಯಾದದ್ದು 1995ರಲ್ಲಿ.