5 ಮೀಟರ್ ದೂರದಿಂದ ರಾಮನ್: ಹಗಲಲ್ಲಿ ಸಿಗ್ನಲ್ ಮುಳುಗ್ತದೆ, ಬಲೆ ತುಂಡಿಗೆ ಬರೀ ಗುಡ್ಡೆ

ಮಲ್ಪೆ_ಬಂದರು:
ಮಲ್ಪೆ ಕಡಲ ಬದಿಯಲ್ಲಿ ಸಿಗುವ ಪ್ಲಾಸ್ಟಿಕ್ ಯಾವುದು ಅಂತ ಮುಟ್ಟದೆ ಗುರುತಿಸ್ಲಿಕ್ಕೆ ಈ ರಾಮನ್ ಸೆಟಪ್: ಲೇಸರ್ ಬಿಟ್ಟಾಗ ಬಣ್ಣ ಬದಲಿಸಿ ಚದುರಿ ಬರುವ ಬೆಳಕಿನ ಗೆರೆಗಳಿಂದ ವಸ್ತು ಯಾವುದು ಅಂತ ಗೊತ್ತಾಗ್ತದೆ. ಸದ್ಯ ಲ್ಯಾಬಿನ ವರಾಂಡದಲ್ಲಿ ಉಂಟು. 532 ನ್ಯಾನೋಮೀಟರ್ ಪಲ್ಸ್ ಲೇಸರ್, 8 ನ್ಯಾನೋಸೆಕೆಂಡ್, 30 ಮಿಲಿಜೌಲ್. 8 ಇಂಚಿನ ಟೆಲಿಸ್ಕೋಪ್, ಲೇಸರಿನ ಬಣ್ಣ ತಡೆಯುವ ಲಾಂಗ್‌ಪಾಸ್ ಫಿಲ್ಟರ್, 2 ಮೀಟರ್ ಫೈಬರ್, ಐಸಿಸಿಡಿ (ಕೆಲವೇ ನ್ಯಾನೋಸೆಕೆಂಡ್ ಕಣ್ಣು ಬಿಡಬಲ್ಲ) ಕ್ಯಾಮೆರಾ. ಗೇಟ್, ಅಂದ್ರೆ ಅದು ಕಣ್ಣು ಬಿಟ್ಟಿರುವ ಹೊತ್ತು, 500 ನ್ಯಾನೋಸೆಕೆಂಡ್. ಮೀನಿನ ಥರ್ಮೋಕೋಲ್ ಪೆಟ್ಟಿಗೆಯ ಚೂರು ರಾತ್ರಿ ಚಂದ ಬರ್ತದೆ, 1001ರ ಗೆರೆ (ಲೇಸರಿನಿಂದ ಎಷ್ಟು ಸರಿದಿದೆ ಅನ್ನುವ ರಾಮನ್ ಅಳತೆ, ಸೆಂ.ಮೀ.⁻¹ನಲ್ಲಿ) ಸೂಜಿಯ ಹಾಗೆ. ಹಗಲಲ್ಲಿ ಅದೂ ಇಲ್ಲ. ಬಲೆ ತುಂಡಿಗೆ ರಾತ್ರಿಯೂ ಗೆರೆಗಳಿಲ್ಲದ ಬರೀ ಅಗಲದ ಗುಡ್ಡೆ.

ಕುಡ್ಲ_ಆಪ್ಟಿಕ್ಸ್:
ಇದು ಎರಡು ಬೇರೆ ಬೇರೆ ಉಪದ್ರ. ಹಗಲಿನದ್ದು ಗೇಟಿಂದ. ಬೆಳಕು 5 ಮೀಟರ್ ಹೋಗಿ ಬರ್ಲಿಕ್ಕೆ 33 ನ್ಯಾನೋಸೆಕೆಂಡ್, ಫೈಬರಿನಲ್ಲಿ ಮೀಟರಿಗೆ ಇನ್ನೊಂದು 5. ಗೇಟ್ 20ಕ್ಕೆ ಇಳಿಸಿ, ಡಿಲೇಯನ್ನು (ಗೇಟ್ ತೆರೆಯುವ ಮುಂಚೆ ಕಾಯುವ ಹೊತ್ತು) ಎರಡೆರಡು ನ್ಯಾನೋಸೆಕೆಂಡ್ ಸರಿಸ್ತಾ ಥರ್ಮೋಕೋಲಿನ ಗೆರೆ ಎಲ್ಲಿ ಜೋರು ನೋಡಿ. ಅದು 562 ನ್ಯಾನೋಮೀಟರ್ ಹತ್ತಿರ ಬೀಳ್ತದೆ. ಸಿಗ್ನಲ್ ಹಾಗೇ ಇರ್ತದೆ, ಹಗಲ ಬೆಳಕು 25ರಲ್ಲಿ ಒಂದು ಪಾಲಾಗ್ತದೆ.
ಕ್ಯಾಮೆರಾದ ಟ್ರಿಗರನ್ನು (ಶುರು ಮಾಡುವ ಸಂಕೇತ) ಲೇಸರ್ ಬೆಳಕು ಕಂಡ ಮೇಲಷ್ಟೇ ಸಂಕೇತ ಕೊಡುವ ಫೋಟೋಡಯೋಡಿಂದ ತೆಗೀಬೇಡಿ ಮಾರಾಯ್ರೆ. ಕ್ಯಾಮೆರಾ ಕಣ್ಣು ಬಿಡುವಷ್ಟರಲ್ಲಿ ಬೆಳಕು ಬಂದು ಹೋಗಿರ್ತದೆ. ಪಲ್ಸಿಗಿಂತ ಮೊದಲೇ ಲೇಸರಿಂದ ಬರುವ ಕ್ಯೂ-ಸ್ವಿಚ್ ಸಿಂಕ್ ಸಂಕೇತ ಬಳಸಿ. ಅದಿಲ್ಲದಿದ್ರೆ 2ರ ಬದಲು 10 ಮೀಟರ್ ಫೈಬರ್ ಹಾಕಿ, 40 ನ್ಯಾನೋಸೆಕೆಂಡ್ ಪುಕ್ಕಟೆ.

ಪಣಂಬೂರು_ಅಲೆ:
ಗುಡ್ಡೆ ಫ್ಲೋರೆಸೆನ್ಸ್, ಅಂದ್ರೆ ಬಣ್ಣ, ಪಾಚಿಯಂಥವು ಲೇಸರ್ ಹೀರಿ ತಾವೇ ಬೀರುವ ಬೆಳಕು. ಅದರ ಆಯುಷ್ಯವೂ ಕೆಲವೇ ನ್ಯಾನೋಸೆಕೆಂಡ್, ನಿಮ್ಮ ಪಲ್ಸಿನಷ್ಟೇ. ಆದ್ದರಿಂದ 20ರ ಗೇಟಿಗೆ ಅದು ಬಗ್ಗುವುದಿಲ್ಲ. 685 ನ್ಯಾನೋಮೀಟರಿನಲ್ಲಿ ಮೊನೆ ಉಂಟಾ? ಹಾಗಾದ್ರೆ ಪಾಚಿ. ತುಂಡಿನ ಅರ್ಧವನ್ನು ಬ್ರಶ್ಶಿನಲ್ಲಿ ಉಜ್ಜಿ ತೊಳೆದು, ಎರಡೂ ಭಾಗ ಹೋಲಿಸಿ. ಮತ್ತೂ ಗುಡ್ಡೆ ಉಳಿದರೆ ಒಂದೇ ಜಾಗಕ್ಕೆ 3–4 ನಿಮಿಷ ಲೇಸರ್ ಬಿಟ್ಟು ನೋಡಿ, ಸುಮಾರು ಬಣ್ಣಗಳು ಸುಸ್ತಾಗಿ ಇಳೀತವೆ.

ಮಲ್ಪೆ_ಬಂದರು:
785 ನ್ಯಾನೋಮೀಟರಿನ ಲೇಸರಿಗೆ ಹೋದ್ರೆ?

ಪಣಂಬೂರು_ಅಲೆ:
ಗುಡ್ಡೆ ತಗ್ಗಬಹುದು, ಆದರೆ ರಾಮನ್ ಚದುರುವಿಕೆಯೇ ಐದರಲ್ಲಿ ಒಂದು ಪಾಲಿಗೆ ಇಳೀತದೆ. ಪಾಲಿಥೀನಿನ 2850–2880ರ ಜೋರು ಗೆರೆಗಳು 1000 ನ್ಯಾನೋಮೀಟರ್ ದಾಟ್ತವೆ, ಅಲ್ಲಿ ನಿಮ್ಮ ಕ್ಯಾಮೆರಾ ಹೆಚ್ಚುಕಡಿಮೆ ಕುರುಡು. ಮೊದಲು ತೊಳೆದೇ ನೋಡಿ.

ಕುಡ್ಲ_ಆಪ್ಟಿಕ್ಸ್:
ತೊಳೆದದ್ದರಲ್ಲಿ 1062, 1128, 1295 ಮೂರೂ ಕಂಡರೆ ಪಾಲಿಥೀನ್ ಬಲೆ. 1640ರ ಸುತ್ತ ಅಗಲದ ಗೆರೆ ಬಂದರೆ ನೈಲಾನ್. ಕಪ್ಪು ಬಲೆ ಬಿಟ್ಟುಬಿಡಿ: ಇಂಗಾಲದ ಪುಡಿ ಲೇಸರನ್ನು ನುಂಗಿ ಬಿಸಿಯಾಗ್ತದೆ, ಬಲೆಯೇ ಸುಟ್ಟೀತು. ಉಳಿದವಕ್ಕೂ ಸ್ಪಾಟನ್ನು 5 ಮಿಲಿಮೀಟರಿಗೆ ಹರಡಿ.
ಮತ್ತೆ, 532ಕ್ಕೆ ಓಡಿ 6 ಇರುವ (ಲೇಸರನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ) ಕನ್ನಡಕ ಹಾಕದೆ ಯಾರೂ ಆ ವರಾಂಡಕ್ಕೆ ಬರುವುದು ಬೇಡ. ತುಂಡಿನ ಹಿಂದೆ ಮ್ಯಾಟ್ ಕಪ್ಪು ಹಲಗೆ ಇರಲಿ. ಮೀನಿನ ಸ್ಟೀಲ್ ತಟ್ಟೆಯಲ್ಲಿ ಸ್ಯಾಂಪಲ್ ಇಟ್ಟರೆ ಕಿರಣ ಎತ್ತ ಹಾರ್ತದೆ ಹೇಳ್ಲಿಕ್ಕಾಗುದಿಲ್ಲ.